ಹನ್ನೊಂದು ಒಂದುಗಳ ಸೆರೆಮನೆ

ಕುಂದಾಪುರದ ಹಳೆ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಮುದ್ರಣಾಲಯ ಇತ್ತು. ಅಲ್ಲಿ ಇಪ್ಪತ್ತಾರು ವರ್ಷ ಮದುವೆ ಕಾಗದಕ್ಕೆ ಸೀಸದ ಅಕ್ಷರಮೊಳೆ ಜೋಡಿಸಿದ ಗೋವರ್ಧನ, ಹತ್ತು ವರ್ಷ ಒಂದೇ ಒಂದು ಮದುವೆ ಊಟ ಉಣ್ಣಲಿಲ್ಲ. ಸಣ್ಣ ಸಂಗತಿ ಅಂದುಕೊಳ್ಳಬೇಡಿ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲಿ ತಾಳಿ ಕಟ್ಟಿದರೂ ಅದರ ಹಿಂದೆ ಗೋವರ್ಧನನ ಮಸಿ ಹಿಡಿದ ಬೆರಳು ಇರುತ್ತಿತ್ತು. ಕಾಗದ ಅಚ್ಚು ಮಾಡಿದವನಿಗೆ ಮೊದಲ ಕರೆ. ಅವನೂ ಕರೆದಲ್ಲಿಗೆಲ್ಲ ಹೋಗುವವನು. ಹೋದರೆ ಮೊದಲ ಪಂಕ್ತಿಯಲ್ಲಿ ಕೂರುವವನು. ಕೂತರೆ ಕಾಯಿಹೋಳಿಗೆ ಆರಕ್ಕೆ ಕಡಿಮೆಯಿಲ್ಲದೆ ಏಳದವನು. ಅಂಥ ವೀರನನ್ನು ಒಂದು ಸಂಖ್ಯೆ ಹಿಡಿದು ಕೂಡಿಹಾಕಿತು. ಅದು ಹೇಗೆಂದು ಹೇಳುತ್ತೇನೆ.

1998ರ ಮೇ ತಿಂಗಳು, ಹಾಲಾಡಿಯಲ್ಲಿ ಒಂದು ಮದುವೆ. ಗೋವರ್ಧನನೂ ಅವನ ಹೆಂಡತಿ ಸುಗಂಧಿಯ ಅಣ್ಣ ಲೀಲಾಧರನೂ ಪಕ್ಕಪಕ್ಕದ ಎಲೆಗೆ ಕೂತಿದ್ದರು. ಲೀಲಾಧರ ಇಪ್ಪತ್ತು ವರ್ಷ ಮುಂಬೈ ಹೋಟೆಲಿನ ಗಲ್ಲೆಯಲ್ಲಿ ಕೂತು, ಊರಿಗೆ ಬಂದು ಶಿರೂರಿನಲ್ಲಿ ಜಿನಸಿ ಅಂಗಡಿ ಹಾಕಿದವನು. ಅಂಗಿಯ ಕಿಸೆಯಲ್ಲಿ ಸದಾ ಒಂದು ಕ್ಯಾಲ್ಕುಲೇಟರು. ದೇವಸ್ಥಾನಕ್ಕೆ ಹೋದರೂ ಅದು ಅವನ ಎದೆಯ ಮೇಲೇ ಇರುತ್ತಿತ್ತು.

ಮಾತು ಮುಯ್ಯಿಯ ಲಕೋಟೆಯಿಂದ ಸುರುವಾಯಿತು. ಲೀಲಾಧರ ಐನೂರು ಹಾಕಿದ್ದಾನೆಂದು ತಿಳಿದು ಗೋವರ್ಧನ ಹೌಹಾರಿದ. ಮದುವೆಗೆ ಕೊಡುವಾಗ ಕೊನೆಯಲ್ಲಿ ಒಂದು ಸೇರಿಸಬೇಕು, ಐನೂರ ಒಂದು ಆಗಬೇಕು, ಹಿರಿಯರು ಮಾಡಿದ್ದು ಸುಮ್ಮನೆ ಅಲ್ಲ, ಒಂದು ಸೇರಿಸಿದರೆ ಆ ಸಂಖ್ಯೆ ಯಾರಿಗೂ ಪಾಲಾಗುವುದಿಲ್ಲ, ಹಾಗೆಯೇ ಗಂಡಹೆಂಡಿರೂ ಪಾಲಾಗುವುದಿಲ್ಲ ಎಂದು ಅನ್ನಕ್ಕೆ ಸಾರು ಕಲಸುತ್ತ ಉಪದೇಶ ಕೊಟ್ಟ. ನಮ್ಮ ಕಡೆ ಪಾಲು ಎಂಬ ಶಬ್ದ ಕೇಳಿದರೆ ಊಟದ ಎಲೆಯಿಂದಲೂ ಜನ ತಲೆ ಎತ್ತುತ್ತಾರೆ. ಆಚೀಚಿನವರು ತಲೆ ಎತ್ತಿದರು.

ಲೀಲಾಧರ ಎಡಗೈಯಲ್ಲಿ ಕ್ಯಾಲ್ಕುಲೇಟರು ತೆಗೆದ. ಐನೂರ ಒಂದು ಮೂವರಿಗೆ ಪಾಲಾಯಿತು, ತಲಾ ನೂರ ಅರವತ್ತೇಳು. ಗೋವರ್ಧನ ಸಾವಿರದ ಒಂದಕ್ಕೆ ಏರಿದ. ಅದು ಏಳು ಜನಕ್ಕೆ ಪಾಲಾಯಿತು, ತಲಾ ನೂರ ನಲವತ್ತಮೂರು. ಎದುರಿನ ಸಾಲಿನವರು ಕೈ ಒಣಗಿಸಿಕೊಂಡು ನೋಡತೊಡಗಿದರು. ಗೋವರ್ಧನ ನಾಲ್ಕು ಒಂದು ಸಾಲಾಗಿ ನಿಲ್ಲಿಸಿ ಸಾವಿರದ ನೂರ ಹನ್ನೊಂದು ಮಾಡಿದ. ಹನ್ನೊಂದು ಜನ ಬಂದು ತಲಾ ನೂರ ಒಂದು ಎತ್ತಿಕೊಂಡು ಹೋದರು. ಐದು ಒಂದು ನಿಲ್ಲಿಸಿದ. ಇಲ್ಲಿ ಲೀಲಾಧರನಿಗೆ ತುಸು ಹೊತ್ತು ಹಿಡಿಯಿತು, ಪಾಯಸ ಬಂದು ಹೋಯಿತು, ಗೋವರ್ಧನನ ಮುಖ ಅರಳತೊಡಗಿತು. ಅಷ್ಟರಲ್ಲಿ ಲೀಲಾಧರ, ನಲವತ್ತೊಂದು ಜನಕ್ಕೆ ತಲಾ ಇನ್ನೂರ ಎಪ್ಪತ್ತೊಂದು ಎಂದು ಹೇಳಿ ಬೆರಳು ನೆಕ್ಕಿದ.

ಪಂಕ್ತಿ ನಕ್ಕಿತು. ಗೋವರ್ಧನನಿಗೆ ಕಿವಿ ಬಿಸಿಯಾಯಿತು. ಅವನ ಮುದ್ರಣಾಲಯದ ಪೆಟ್ಟಿಗೆಯಲ್ಲಿ ಸವೆಯದ ಒಂದರ ಮೊಳೆ ಹನ್ನೊಂದು ಉಳಿದಿದ್ದವು. ಆ ಗಳಿಗೆಯಲ್ಲಿ ತಲೆಗೆ ಬಂದದ್ದು ಅದೇ. ಹನ್ನೊಂದು ಒಂದು, ಅಂದರೆ ಸಾವಿರದ ನೂರ ಹನ್ನೊಂದು ಕೋಟಿ ಹನ್ನೊಂದು ಲಕ್ಷ ಹನ್ನೊಂದು ಸಾವಿರದ ನೂರ ಹನ್ನೊಂದು, ಇದನ್ನು ಪಾಲು ಮಾಡು ಎಂದು ಸವಾಲು ಹಾಕಿದ. ಲೀಲಾಧರ ಒತ್ತಿದ. ಎಂಟು ಒಂದು ಒಳಗೆ ಹೋದವು. ಒಂಬತ್ತನೆಯದು ಹೋಗಲಿಲ್ಲ. ಅಂಗಡಿ ಕ್ಯಾಲ್ಕುಲೇಟರಿನ ಪರದೆಗೆ ಎಂಟೇ ಅಂಕೆ. ಮತ್ತೆ ಒತ್ತಿದ, ಅಲುಗಿಸಿದ, ಅಂಗಿಗೆ ಉಜ್ಜಿದ. ಕ್ಯಾಲ್ಕುಲೇಟರು ಬಾಯಿ ಮುಚ್ಚಿ ಕೂತಿತು.

ಗೋವರ್ಧನ ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಎಂಜಲು ಕೈಯಲ್ಲೇ ಎದ್ದು ನಿಂತ.

"ಭಾವ, ಹನ್ನೊಂದ್ ಒಂದ್ ಯಾರಿಗೂ ಪಾಲಾತಿಲ್ಲೆ. ಪಾಲಾತಿಲ್ಲೆ ಅಂದೇಳಿ ಕಾಗ್ದದ್ ಮೇಲ್ ತೋರ್ಸುವರೆಗೆ ನಾ ಮದಿ ಊಟಕ್ಕೆ ಕೂಕಂಬುದಿಲ್ಲೆ. ಮೆಷಿನ್ ಮುಟ್ಟುದಿಲ್ಲೆ. ನಂಗೆ ಪೆನ್ಸಿಲ್ ಸಾಕ್."

ಹೇಳಿ, ಮಜ್ಜಿಗೆಗೂ ಕಾಯದೆ ಕೈತೊಳೆಯಲು ಹೋದ. ಸೆರೆಮನೆಗೆ ಇಷ್ಟು ಠೀವಿಯಿಂದ ಒಳಗೆ ಹೋದವರು ಕಡಿಮೆ.

ಬಾಗಿಲು ಮುಚ್ಚಿದ್ದು ಅವನಿಗೆ ಗೊತ್ತಾದದ್ದು ಮರುದಿನ. ಕೋಟೇಶ್ವರದ ಮನೆಯ ಜಗುಲಿಯಲ್ಲಿ ಪೆನ್ಸಿಲ್ ಚೂಪು ಮಾಡಿ ಕೂತ. ಕಾಗದಕ್ಕೆ ಬರವಿರಲಿಲ್ಲ, ಮುದ್ರಣಾಲಯದಲ್ಲಿ ತಪ್ಪು ಬಿದ್ದು ಉಳಿದ ಮದುವೆ ಕಾಗದಗಳ ಹಿಂಬದಿ ಖಾಲಿ ಇರುತ್ತಿತ್ತು. ಎರಡರಿಂದ ಭಾಗಿಸಿದ, ಶೇಷ ಒಂದು. ಮೂರರಿಂದ, ಶೇಷ ಎರಡು. ಏಳರಿಂದ ಭಾಗಿಸಿ ಗೆದ್ದ, ಹನ್ನೊಂದರಿಂದ ಭಾಗಿಸಿ ಗೆದ್ದ. ಎರಡರಿಂದ ಆಗದ್ದು ನಾಲ್ಕರಿಂದಲೂ ಆಗದು, ಮೂರರಿಂದ ಆಗದ್ದು ಆರು, ಒಂಬತ್ತರಿಂದಲೂ ಆಗದು, ಹಾಗಾಗಿ ತಾನೇ ಪಾಲಾಗದ ಸಂಖ್ಯೆಗಳಿಂದ ಮಾತ್ರ, ಶಾಲೆಯಲ್ಲಿ ಅವಿಭಾಜ್ಯ ಎಂದು ಕಲಿಸುತ್ತಾರಲ್ಲ ಅವುಗಳಿಂದ ಮಾತ್ರ ಭಾಗಿಸಿದರೆ ಸಾಕು ಎಂಬುದನ್ನು ಮೂರನೇ ದಿನ ತಾನೇ ಕಂಡುಹಿಡಿದ. ಅಂದು ರಾತ್ರಿಯ ಗಂಜಿ ಅವನಿಗೆ ಹಬ್ಬದೂಟದಂತೆ ಇಳಿಯಿತು. ಆದರೆ ಎಲ್ಲಿಯವರೆಗೆ? ಸಂಖ್ಯೆಯ ಅರ್ಧದವರೆಗೆ ಎಂದು ಅವನ ಅಂದಾಜು. ಅರ್ಧ ಅಂದರೆ ಐನೂರ ಐವತ್ತೈದು ಕೋಟಿಯ ಮೇಲೆ.

ಮದುವೆಗಳು ಮಾತ್ರ ನಿಲ್ಲಲಿಲ್ಲ. ಕರೆಯೋಲೆಯಲ್ಲಿ "ಸಕುಟುಂಬ ಸಪರಿವಾರ ಬಂದು ಸತ್ಕಾರ ಸ್ವೀಕರಿಸಿ" ಎಂದು ತಾನೇ ಜೋಡಿಸುತ್ತಿದ್ದ. ಅಲ್ಲಿಗೆ ಹೋಗಿ ಸತ್ಕಾರವನ್ನು ದೂರದಿಂದ ನೋಡುತ್ತಿದ್ದ. ಹೋಗದಿದ್ದರೆ ಸಿಟ್ಟು, ಹೋಗಿ ಉಣ್ಣದಿದ್ದರೆ ಇನ್ನೂ ಸಿಟ್ಟು. ಕೊನೆಗೆ ಒಂದು ಉಪಾಯ ಹೂಡಿದ. ಹೆಗಲ ಬೈರಾಸನ್ನು ಸೊಂಟಕ್ಕೆ ಬಿಗಿದು ಬಡಿಸುವವರ ಜತೆ ಸೇರಿದ. ಬಡಿಸುವವ ಕೂರಬೇಕಿಲ್ಲ. ಅನುಭವ ಇಲ್ಲದ್ದರಿಂದ ಅವನ ಕೈಗೆ ಉಪ್ಪು ಕೊಟ್ಟರು. ಒಂದು ಕಾಲದಲ್ಲಿ ಆರು ಹೋಳಿಗೆಯ ವೀರ, ಈಗ ಮೂರು ತಾಲೂಕಿಗೆ ಉಪ್ಪಿನ ಗೋವರ್ಧನ. ಉಣ್ಣದ ಕಾರಣವೂ ವರ್ಷಕ್ಕೊಂದರಂತೆ ಬದಲಾಯಿತು. ಸಕ್ಕರೆ ಕಾಯಿಲೆ ಎಂದರು. ಹೊಟ್ಟೆಹುಣ್ಣು ಎಂದರು. ಕೊಲ್ಲೂರಿಗೆ ಹರಕೆ ಎಂದು ಕೆಲವರು ಕೈಮುಗಿದರು. ಸಂಖ್ಯೆಯ ಸಂಗತಿ ಐದನೇ ವರ್ಷಕ್ಕೆ ಊರಿಗೆ ಮರೆತೇ ಹೋಯಿತು. ಗೋವರ್ಧನನಿಗೆ ಮರೆಯಲಿಲ್ಲ. ಊರೇ ಮರೆತ ಮಾತನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸುಗಂಧಿಯೂ ಕೇಳಿದಳು. ಅವನು ಉತ್ತರಕ್ಕೆ ಪೆನ್ಸಿಲ್ ಚೂಪು ಮಾಡಿದ.

2000ದಲ್ಲಿ ಮುದ್ರಣಾಲಯಕ್ಕೆ ಕಂಪ್ಯೂಟರು ಬಂತು. ಮೊಳೆಗಳನ್ನು ತೂಕಕ್ಕೆ ಹಾಕಿದರು. ಗೋವರ್ಧನನನ್ನು ಪ್ರೂಫ್ ನೋಡಲು ಕೂರಿಸಿದರು. ಅವನ ಬೆಂಚಿನಿಂದ ನಾಲ್ಕು ಮಾರು ದೂರದಲ್ಲಿ, ಅವನ ಸೆರೆಯ ಬೀಗವನ್ನು ಕಣ್ಣು ಮಿಟುಕಿಸುವುದರೊಳಗೆ ತೆಗೆಯಬಲ್ಲ ಯಂತ್ರ ಗುಂಯ್ ಎನ್ನುತ್ತಿತ್ತು. ಅವನು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದ.

ಶಿಕ್ಷೆ ಮೊದಲ ಸಲ ಕಡಿಮೆಯಾದದ್ದು ಅದೇ ವರ್ಷ, ಮಗಳು ರಮಿತಾಳಿಂದ. ಹತ್ತನೇ ತರಗತಿಯ ಹುಡುಗಿ ಅಪ್ಪನ ಕಾಗದದ ರಾಶಿ ನೋಡಿ, ಅರ್ಧದವರೆಗೆ ಹೋಗಬೇಕಿಲ್ಲ ಎಂದಳು. ಒಂದು ಸಂಖ್ಯೆ ಎರಡು ಸಂಖ್ಯೆಗಳ ಗುಣಲಬ್ಧವಾದರೆ ಆ ಎರಡರಲ್ಲಿ ಒಂದಾದರೂ ವರ್ಗಮೂಲವನ್ನು ಮೀರಲಾರದು. ಹನ್ನೊಂದು ಒಂದರ ವರ್ಗಮೂಲ ಒಂದು ಲಕ್ಷದ ಐದು ಸಾವಿರದ ನಾನೂರ ಒಂಬತ್ತು ಚಿಲ್ಲರೆ. ಅಲ್ಲಿಯವರೆಗೆ ಯಾವುದೂ ಭಾಗಿಸದಿದ್ದರೆ ಮುಂದೆಯೂ ಭಾಗಿಸದು. ಐನೂರು ಕೋಟಿಯಿಂದ ಒಂದು ಲಕ್ಷಕ್ಕೆ! ಗೋವರ್ಧನ ಮಗಳಿಗೆ ಗಡಿಯಾರ ತೆಗೆದುಕೊಟ್ಟ. ಆಮೇಲೆ ಕೂತು ಲೆಕ್ಕ ಹಾಕಿದ. ಅಷ್ಟರೊಳಗೆ ಅವಿಭಾಜ್ಯಗಳು ಹತ್ತು ಸಾವಿರದಷ್ಟು. ಹನ್ನೊಂದು ಅಂಕೆಯನ್ನು ಭಾಗಿಸಿ, ತಪ್ಪಾಗಿಲ್ಲವೆಂದು ಗುಣಿಸಿ ನೋಡಿ, ಮನೆಗೆಲಸ ಪ್ರೂಫು ಎಲ್ಲ ಮುಗಿಸಿ, ವಾರಕ್ಕೆ ಎರಡು ಆಗುತ್ತಿತ್ತು. ನೂರು ವರ್ಷಕ್ಕೆ ಬಿಡುಗಡೆ.

ಹೀಗೆ ಬಂದು 2007ರ ಆಗಸ್ಟಿನಲ್ಲಿ ಸುಮಾರು ಒಂಬೈನೂರು ಅವಿಭಾಜ್ಯ ಮುಗಿಸಿ ಏಳು ಸಾವಿರ ಎಂಬ ಸಂಖ್ಯೆಯ ಹತ್ತಿರ ನಿಂತಿದ್ದ. ಅಟ್ಟದ ಮೇಲೆ ಬೇರೆಯವರ ಮದುವೆ ಕಾಗದಗಳ ಕಟ್ಟು ಮೊಣಕಾಲೆತ್ತರ ಬೆಳೆದಿತ್ತು. ರಮಿತಾ ಗಣಿತದಲ್ಲಿ ಎಂ.ಎಸ್ಸಿ. ಮುಗಿಸಿ ಬೈಂದೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಅವಳಿಗೆ ಬ್ರಹ್ಮಾವರದ ನಿತೇಶ್ ಎಂಬ ಹುಡುಗನೊಡನೆ ಮದುವೆ ನಿಶ್ಚಯವಾಯಿತು. ಮುಹೂರ್ತ ಫೆಬ್ರವರಿಯಲ್ಲಿ.

ಕರೆಯೋಲೆಯ ಕರಡು ತಿದ್ದುತ್ತಿದ್ದ ಅಪ್ಪನ ಎದುರು ಬಂದು ರಮಿತಾ ಕೂತಳು.

"ಅಪ್ಪಯ್ಯ, ನನ್ ಮದಿಗೂ ಉಪ್ಪು ಬಡಿಸುದಾ ನೀವು?"

ಗೋವರ್ಧನ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿದ, ತೆಗೆದ, ಮತ್ತೆ ಸಿಕ್ಕಿಸಿದ.

"ನೀವು ಎಲೆ ಮುಂದೆ ಕೂಕಣದಿದ್ರೆ ನಾನೂ ಕೂಕಂಬುದಿಲ್ಲೆ," ಎಂದಳು ಅವಳು. "ನಾನೂ ನಿಮ್ ಮಗಳೇ ಅಲ್ದಾ."

ಈಗ ಸೆರೆಯಲ್ಲಿ ಇಬ್ಬರು. ಮದುಮಗಳು ಉಣ್ಣದ ಮದುವೆ ಎಂದರೆ ಬ್ರಹ್ಮಾವರದವರು ಏನೆಂದಾರು! ಗೋವರ್ಧನ ತಲೆ ತಗ್ಗಿಸಿ, ಫೆಬ್ರವರಿಯೊಳಗೆ ಹೆಚ್ಚೆಂದರೆ ಐವತ್ತು ಸಂಖ್ಯೆ ಮುಗಿದೀತು, ಉಳಿಯುವುದು ಒಂಬತ್ತು ಸಾವಿರ ಎಂದ. ಆಗ ರಮಿತಾ ಕರಡಿನ ಹಿಂಬದಿಯಲ್ಲಿ ಬರೆದು ತೋರಿಸಿದಳು. ಹನ್ನೊಂದು ಒಂದನ್ನು ಒಂಬತ್ತರಿಂದ ಗುಣಿಸಿದರೆ ಹನ್ನೊಂದು ಒಂಬತ್ತು. ಅಂದರೆ ಹತ್ತನ್ನು ಹನ್ನೊಂದು ಸಲ ಗುಣಿಸಿ ಒಂದು ಕಳೆದದ್ದು. ಅಂಥದನ್ನು ಭಾಗಿಸುವ ಅವಿಭಾಜ್ಯಕ್ಕೆ ಒಂದು ಕಟ್ಟುಪಾಡು ಇದೆ: ಅದನ್ನು ಇಪ್ಪತ್ತೆರಡರಿಂದ ಭಾಗಿಸಿದರೆ ಒಂದೇ ಉಳಿಯಬೇಕು. ಇಪ್ಪತ್ತಮೂರು ಆಗಬಹುದು, ಅರವತ್ತೇಳು ಆಗಬಹುದು, ಎಂಬತ್ತೊಂಬತ್ತು ಆಗಬಹುದು. ಉಳಿದ ಯಾವುದಕ್ಕೂ ಈ ಬಾಗಿಲಲ್ಲಿ ಪ್ರವೇಶವೇ ಇಲ್ಲ.

ಹತ್ತರಲ್ಲಿ ಒಂಬತ್ತು ಸಂಖ್ಯೆ ಒಂದೇ ಏಟಿಗೆ ನೆಲಕ್ಕುರುಳಿದವು. ಉಳಿದದ್ದು ಒಂಬೈನೂರು ಚಿಲ್ಲರೆ. ದಿನಕ್ಕೆ ಐದರಂತೆ ಮಾಡಿದರೆ ಮದುವೆಯ ಹಿಂದಿನ ವಾರಕ್ಕೆ ಮುಗಿಯುತ್ತದೆ. ಗೋವರ್ಧನ ಹಿಂದಿನ ಒಂಬತ್ತು ವರ್ಷದಲ್ಲಿ ಸುಮ್ಮನೆ ಕೊಂದ ಎಂಟುನೂರು ಸಂಖ್ಯೆಗಳನ್ನು ನೆನೆದು ಒಂದು ಗಳಿಗೆ ಗೋಡೆ ನೋಡಿದ. ಆಮೇಲೆ ಪೆನ್ಸಿಲ್ ತೆಗೆದುಕೊಂಡ.

ಆ ತಿಂಗಳು ಅವನನ್ನು ನೋಡಬೇಕಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಒಂದು, ಮಧ್ಯಾಹ್ನ ಬುತ್ತಿಯ ಮುಚ್ಚಳ ತೆಗೆಯುವ ಮೊದಲು ಒಂದು, ಸಂಜೆ ಮೂರು. ಚೌತಿಯ ದಿನವೂ ಗಣಪತಿಗೆ ಮಂಗಳಾರತಿ ಎತ್ತಿ ಐದನ್ನು ಉರುಳಿಸಿದ. ಚೌತಿ ಕಳೆದ ಮೂರನೇ ದಿನ, ಜಗುಲಿಯಲ್ಲಿ, ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತರ ಸರದಿ. ಭಾಗಿಸುತ್ತ ಬಂದ. ಐದು, ಒಂದು, ಮೂರು, ಎರಡು, ಮೂರು, ಒಂಬತ್ತು. ಕೊನೆಯ ಕಳೆಯುವ ಲೆಕ್ಕದಲ್ಲಿ ಮೇಲೂ ಅದೇ, ಕೆಳಗೂ ಅದೇ.

ಶೇಷ ಸೊನ್ನೆ.

ಒಂಬತ್ತು ವರ್ಷದಲ್ಲಿ ಅವನು ಎಷ್ಟೋ ಶೇಷ ನೋಡಿದ್ದ, ಸೊನ್ನೆ ನೋಡಿರಲಿಲ್ಲ. ಇನ್ನೊಂದು ಕಾಗದ ತೆಗೆದು ಗುಣಿಸಿದ. ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು, ಹನ್ನೊಂದೂ ಒಂದುಗಳು ಮುದ್ರಣಾಲಯದ ಮೊಳೆಯ ಹಾಗೆ ನೆಟ್ಟಗೆ ಬಂದು ನಿಂತವು. ಅವನಿಗೆ ಆ ಕ್ಷಣ ಹೊಳೆದದ್ದು ಸೋಲಲ್ಲ, ಅದಕ್ಕಿಂತ ಕೆಟ್ಟದ್ದು. ಪಾಲಾಗುವುದಿಲ್ಲ ಎಂದು ತೋರಿಸುವವರೆಗೆ ಉಣ್ಣುವುದಿಲ್ಲ ಎಂದಲ್ಲವೇ ಶಪಥ? ಪಾಲಾಗುವ ಸಂಖ್ಯೆಯನ್ನು ಪಾಲಾಗುವುದಿಲ್ಲ ಎಂದು ಯಾವ ಜನ್ಮದಲ್ಲಿ ತೋರಿಸುವುದು? ನೂರು ವರ್ಷದ ಸೆರೆಗೆ ಒಂದು ಕೊನೆಯಾದರೂ ಇತ್ತು. ಇದಕ್ಕೆ ಅದೂ ಇಲ್ಲ.

ಸುಗಂಧಿ ಚಾ ತಂದಾಗ ಆ ಕಾಗದದ ಮೇಲೆ ಕೂತುಕೊಂಡ.

ಅಲ್ಲಿಂದ ಐದು ತಿಂಗಳು ಅವನು ಮಾಡಿದ್ದು ಮನುಷ್ಯಮಾತ್ರರಿಂದ ಆಗುವಂಥದ್ದಲ್ಲ. ನಿಲ್ಲಿಸಿದರೆ ಮನೆಯವರು ಕೇಳುತ್ತಾರೆ. ಹಾಗಾಗಿ ಭಾಗಿಸುತ್ತಲೇ ಹೋದ. ಸುಮ್ಮನೆ ಗೀಚಬಹುದಿತ್ತು. ಆದರೆ ಸುಳ್ಳು ಭಾಗಾಕಾರ ಬರೆಯಲು ಅವನ ಕೈ ಒಪ್ಪಲಿಲ್ಲ. ಸತ್ಯವನ್ನು ಮುಚ್ಚಿಡಲು ದಿನಕ್ಕೆ ಐದು ಸತ್ಯವಾದ ಲೆಕ್ಕ ಮಾಡಿದ, ಪ್ರತಿಯೊಂದರಲ್ಲೂ ಪ್ರಾಮಾಣಿಕವಾದ ಶೇಷ ಉಳಿಸಿದ. ರಮಿತಾ ಸಂಜೆ ಬಂದು, ಎಲ್ಲಿಗೆ ಬಂತು ಅಪ್ಪಯ್ಯ ಎಂದು ಕೇಳಿದರೆ ನಲವತ್ತು ಸಾವಿರ, ಅರವತ್ತು ಸಾವಿರ ಎಂದು ಹೇಳುತ್ತಿದ್ದ. ಅವಳು ಏಕೋ ಮುಖ ಸಪ್ಪೆ ಮಾಡಿಕೊಂಡು ಒಳಗೆ ಹೋಗುತ್ತಿದ್ದಳು.

ಮದುವೆಗೆ ಮೂರು ದಿನ ಇರುವಾಗ, ಹಗಲು ಹನ್ನೊಂದರ ಹೊತ್ತಿಗೆ ಲೀಲಾಧರ ಸೋದರಮಾವನ ಗತ್ತಿನಲ್ಲಿ ತೆಂಗಿನಕಾಯಿ ಚೀಲ ಇಳಿಸಿದ. ಗೋವರ್ಧನನಿಗೆ ಇನ್ನು ತಡೆಯಲಾಗಲಿಲ್ಲ. ಭಾವನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ, ಅಂಗಿಯ ಒಳಕಿಸೆಯಿಂದ ಮಡಚಿ ಮಡಚಿ ಸವೆದ ಕಾಗದ ತೆಗೆದು ಕೈಗಿಟ್ಟ. ಲೀಲಾಧರ ಓದಲೇ ಇಲ್ಲ. ಮಡಚಿದ ಹಾಗೆಯೇ ತಿರುಗಿ ಕೊಟ್ಟ.

"ಗೊತ್ತಿತ್ ಭಾವ. ಎರಡ್ ಸಾವ್ರದ್ ಮೂರ್ನೇ ಇಸ್ವಿಯಿಂದ. ಮುಂಬೈಯಗ್ ಮಗನ್ ಕಂಪ್ಯೂಟರಂಗ್ ಹಾಕಿ ಕಂಡಿದ್ದೆ."

"ಮತ್ತೆ ಹೇಳ್ಲಿಲ್ಲೆ?"

"ಎಂತ ಹೇಳುದ್? ಹೇಳ್ರೆ ನೀವು ಸಾಯುವರಿಗೂ ಉಂಬುದಿಲ್ಲೆ. ಹೇಳದಿದ್ರೆ ಒಂದ್ ಆಸೆ ಆದ್ರೂ ಇತ್ತಲ್ದಾ. ಅರೆ ಭಾಯ್, ನಂಗೆ ಐದ್ ವರ್ಷದಿಂದ ಹೋಳಿಗೆ ಗಂಟ್ಲಂಗ್ ಇಳಿತಿಲ್ಲೆ."

ಬಾವಿಗೆ ಕೊಡ ಹಿಡಿದು ಬಂದ ಸುಗಂಧಿ, ಅಣ್ಣನ ಮಾತು ಕೇಳಿ ಕೊಡವನ್ನು ಕಟ್ಟೆಯ ಮೇಲಿಟ್ಟಳು. ತನಗೂ ಗೊತ್ತು, ರಮಿತಾ ಎಂ.ಎಸ್ಸಿ. ಓದುವಾಗ ಪುಸ್ತಕದಲ್ಲಿ ನೋಡಿ ಬಂದು ಹೇಳಿದ್ದಳು, ಇಪ್ಪತ್ತೆರಡರ ದಾರಿ ತೋರಿಸಿದ್ದೇ ಅಪ್ಪ ಬೇಗ ಸಿಕ್ಕಿಬೀಳಲಿ ಎಂದು, ಚೌತಿಯಿಂದ ತಾಯಿ ಮಗಳು ದಿನಾ ಕಾಯುತ್ತಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದಳು. "ಹ್ವಾಯ್, ಅವತ್ ನೀವು ಕಾಗ್ದದ್ ಮೇಲ್ ಕೂಕಂಡದ್ ನಂಗೆ ಕಾಂಬುದಿಲ್ಯಾ?" ಎಂದಳು.

ಒಬ್ಬನನ್ನು ಸೆರೆಯಲ್ಲಿಟ್ಟು ನಾಲ್ವರು ಕಾವಲು ಕೂತಿದ್ದರು, ಆ ನಾಲ್ವರಲ್ಲಿ ಅವನೂ ಒಬ್ಬ.

ಲೀಲಾಧರ ವಕೀಲನಂತೆ ಒಂದು ಉಪಾಯ ತೆಗೆದ. ಹನ್ನೊಂದು ಒಂದು ಪಾಲಾಗಬೇಕಾದರೆ ಕಡಿಮೆ ಎಂದರೆ ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು ಜನ ಬೇಕು. ಮದುವೆಗೆ ಬರುವವರು ಏಳುನೂರು. ಅವರಲ್ಲಿ ಯಾರಿಗೂ ಅದು ಪಾಲಾಗದು. ಶಪಥ ಈಡೇರಿತು, ಕೂತು ಉಣ್ಣಬಹುದು. ಸುಗಂಧಿಗೆ ಇದು ಒಪ್ಪಿಗೆಯಾಯಿತು. ಗೋವರ್ಧನ ಮಾತ್ರ ತಲೆ ಅಲ್ಲಾಡಿಸಿದ. ಪ್ರೂಫ್ ನೋಡುವವನು ಅವನು. ಕಣ್ಣಿಗೆ ಬಿದ್ದ ತಪ್ಪನ್ನು ಅಚ್ಚಿಗೆ ಬಿಟ್ಟವನಲ್ಲ. ಕಾಗದವನ್ನು ಮತ್ತೆ ಒಳಕಿಸೆಗೆ ಸೇರಿಸಿ ಜಗುಲಿಗೆ ನಡೆದ.

ಬ್ರಹ್ಮಾವರದ ಕಲ್ಯಾಣಮಂಟಪ. ಧಾರೆ ಮುಗಿಯಿತು. ಮೊದಲ ಪಂಕ್ತಿಗೆ ಎಲೆ ಹಾಕಿದರು, ಅನ್ನ ಬಿತ್ತು, ಗುಳ್ಳಬದನೆಯ ಹುಳಿ ಬಿತ್ತು. ಮದುಮಗಳು ಎಲೆಯ ಹಿಂದೆ ನಿಂತೇ ಇದ್ದಳು. ಪಕ್ಕದ ಎಲೆ ಖಾಲಿ. ನಿತೇಶನ ಕಡೆಯವರು ಪಿಸುಗುಡತೊಡಗಿದರು. ಅಷ್ಟರಲ್ಲಿ ಗೋವರ್ಧನ ಮೈಕಿನವನ ಕೈಯಿಂದ ಮೈಕು ತೆಗೆದುಕೊಂಡ. ಪುಸ್ತಕದ ಕೊನೆಯಲ್ಲಿ ಅಚ್ಚಿನ ತಪ್ಪುಗಳಿಗೆ ಒಪ್ಪೋಲೆ ಹಾಕುತ್ತಾರಲ್ಲ, ಅದೇ ಕ್ರಮದಲ್ಲಿ, ಶುದ್ಧ ಗ್ರಾಂಥಿಕದಲ್ಲಿ ಓದಿದ.

"ಸಾವಿರದ ಒಂಬೈನೂರ ತೊಂಬತ್ತೆಂಟು, ಹಾಲಾಡಿ. ತಪ್ಪು: ಹನ್ನೊಂದು ಒಂದು ಯಾರಿಗೂ ಪಾಲಾಗುವುದಿಲ್ಲ. ಒಪ್ಪು: ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು ಮಂದಿಗೆ, ತಲಾ ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತರಂತೆ ಪಾಲಾಗುತ್ತದೆ. ಹೇಳಿದವನು ನಾನು. ಸೋತವನೂ ನಾನು. ಸೋತವನು ಕೂತು ಉಣ್ಣಬಹುದೋ ಬಾರದೋ, ಪಂಕ್ತಿಯವರು ಹೇಳಬೇಕು."

ಬಾಯಿಗೆ ಹೋಗುತ್ತಿದ್ದ ತುತ್ತುಗಳು ನಡುದಾರಿಯಲ್ಲಿ ನಿಂತವು. ಏಳುನೂರು ಜನರಲ್ಲಿ ಮೂವರನ್ನು ಬಿಟ್ಟು ಉಳಿದವರಿಗೆ ಕೇಳಿಸಿದ್ದು ಮೂರೇ ಶಬ್ದ: ತಲಾ ಐದು ಲಕ್ಷ. ಕೆರಾಡಿಯಿಂದ ಬಂದಿದ್ದ ಎಂಬತ್ತರ ಬಚ್ಚಜ್ಜ, ಸಾಲಿನ ತುದಿಯಿಂದ ಕಿವಿಗೆ ಕೈಯಿಟ್ಟು ಕೇಳಿದ.

"ಐದ್ ಲಕ್ಷ ಯಾರ್ ಕೊಡುದ್ ಅಂಬ್ರು? ಗಂಡಿನ್ ಕಡಿಯರಾ?"

ಯಾರೂ ಕೊಡುವುದಿಲ್ಲ, ಬರೀ ಲೆಕ್ಕ ಎಂದು ಪಕ್ಕದವರು ಕೂಗಿ ಹೇಳಿದರು. ಬಚ್ಚಜ್ಜ ನಿರಾಸೆಯಿಂದ ಅನ್ನ ಕಲಸಲು ತೊಡಗಿದ.

"ಹಾಂಗಾರೆ ಎಂತಕ್ ನಿಂತದ್? ಕೂಕಣಿ ಮಾರಾಯ್ರೆ, ಹುಳಿ ತಣಿತ್."

ಪಂಕ್ತಿ ಹೌದೆಂದಿತು. ಹತ್ತು ವರ್ಷದ ಬೀಗ ತೆಗೆದದ್ದು ಹೀಗೆ, ಏನೂ ತಿಳಿಯದ ಒಬ್ಬ ಮುದುಕ. ಗೋವರ್ಧನ ಮಗಳ ಪಕ್ಕದ ಎಲೆಗೆ ಬಂದು ಕೂತ. ಮಂಡಿ ಬಗ್ಗಲು ಕಷ್ಟಪಟ್ಟಿತು, ಅಭ್ಯಾಸ ತಪ್ಪಿತ್ತು. ರಮಿತಾ ಕೂತಳು. ನಿತೇಶನ ಕಡೆಯವರ ಉಸಿರು ಕೆಳಗಿಳಿಯಿತು. ಲೀಲಾಧರ ಬಡಿಸುವವನ ಕೈಯಿಂದ ಹೋಳಿಗೆಯ ಹರಿವಾಣ ಕಿತ್ತುಕೊಂಡು ಬಂದು, ಎಣಿಸದೆ ಹಾಕಿದ.

ಮೂರನೇ ಹೋಳಿಗೆಗೆ ತುಪ್ಪ ಬಿದ್ದಾಗ ರಮಿತಾ ಮೆಲ್ಲಗೆ ಅಪ್ಪನ ಕಡೆ ವಾಲಿದಳು.

"ಅಪ್ಪಯ್ಯ, ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಂಬುಕಿಲ್ಲೆ. ಅವತ್ ಇನ್ನೆಂಟ್ ಒಂದ್ ಸೇರ್ಸಿ ಹೇಳಿದ್ರೆ ನೀವೇ ಗೆಲ್ತಿದ್ರಿ. ಹತ್ತೊಂಬತ್ ಒಂದ್ ಯಾವುದ್ರಿಂದ್ಲೂ ಪಾಲಾತಿಲ್ಲೆ."

ಗೋವರ್ಧನನ ಕೈ ನಿಂತಿತು. ಹೋಳಿಗೆ ಬೆರಳಲ್ಲೇ ಇತ್ತು, ಕಣ್ಣು ಮೇಲೆ ಮಂಟಪದ ಮಾಡಿನ ಕಡೆ ಹೋಯಿತು, ತುಟಿ ಅಲುಗತೊಡಗಿತು. ಹತ್ತೊಂಬತ್ತು ಒಂದು. ವರ್ಗಮೂಲ ನೂರ ಐದು ಕೋಟಿ. ಅಷ್ಟರೊಳಗೆ ಅವಿಭಾಜ್ಯಗಳು ಐದು ಕೋಟಿಯ ಮೇಲೆ. ವಾರಕ್ಕೆ ಎರಡರಂತೆ...

ಐದು ಲಕ್ಷ ವರ್ಷ.

ಸುಗಂಧಿ ಎದುರಿನ ಸಾಲಿನಿಂದ ಅವನನ್ನೇ ನೋಡುತ್ತಿದ್ದಳು. ಗೋವರ್ಧನ ಮಾಡಿನಿಂದ ಕಣ್ಣಿಳಿಸಿ, ಎಲೆಯನ್ನು ಎರಡು ಬೆರಳು ತನ್ನ ಹತ್ತಿರ ಎಳೆದುಕೊಂಡು, ನಾಲ್ಕನೆಯದಕ್ಕೆ ಲೀಲಾಧರನನ್ನು ಕರೆದ.